ಶಿವಸಂಗಪ್ಪನ ಸ್ಟೀರಿಯೋ ಪ್ರಚಾರ

ಕೈಮಗ್ಗದ ಮನೆಯಲ್ಲಿ ಹುಟ್ಟಿ, ಕೈಮಗ್ಗದ ಮನೆಯ ಹೆಣ್ಣನ್ನೇ ಮದುವೆಯಾಗಿ, ಹನ್ನೊಂದು ವರ್ಷದಿಂದ ಮಗ್ಗದ ಹತ್ತಿರ ಸುಳಿಯದೆ ಬದುಕಿರುವ ಗಂಡಸು ಇಳಕಲ್ಲಿನಲ್ಲಿ ಒಬ್ಬನೇ. ಅವನು ನಮ್ಮ ಶಿವಸಂಗಪ್ಪ. ‘ನಮ್ಮ’ ಎಂದದ್ದು ಪ್ರೀತಿಯಿಂದಲ್ಲ. ಅವನ ಮನೆಗೂ ನನ್ನ ಮನೆಗೂ ಗೋಡೆ ಒಂದೇ, ವಿಧಿಯಿಲ್ಲ.

ನಾನು ಚಂದಪ್ಪ. ಇಳಕಲ್ ಬಸ್ ಸ್ಟ್ಯಾಂಡಿನಲ್ಲಿ ಇಪ್ಪತ್ತೆಂಟು ವರ್ಷ ಕಂಟ್ರೋಲರ್ ಆಗಿದ್ದು ನಿವೃತ್ತನಾದವನು. ಅಷ್ಟೂ ವರ್ಷ ಒಂದೇ ಮೈಕು, ಒಂದೇ ಹಾರ್ನು, ಒಂದೇ ಬಾಯಿ. ‘ಹುನಗುಂದ, ಅಮೀನಗಡ ಮಾರ್ಗವಾಗಿ ಬಾಗಲಕೋಟೆಗೆ ಹೋಗುವ ಗಾಡಿ’ ಎಂದು ನಾನು ಕೂಗಿದರೆ ಕ್ಯಾಂಟೀನಿನಲ್ಲಿ ಕೂತವನು ಚಹಾ ಬಿಟ್ಟು ಓಡಿ ಬರುತ್ತಿದ್ದ. ನನ್ನ ಮಾತು ಅರ್ಧ ಕೇಳಿ, ಬಾದಾಮಿಗೆ ಹೋಗಬೇಕಾದವನು ಕುಷ್ಟಗಿಗೆ ಹೋದ ಎಂಬುದಕ್ಕೆ ಒಂದೇ ಒಂದು ಉದಾಹರಣೆ ಯಾರಾದರೂ ತೋರಿಸಲಿ. ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ. ಯಾಕೆಂದರೆ ಮುಂದೆ ಆದ ಅನಾಹುತವೆಲ್ಲ ದನಿಗೆ ಸಂಬಂಧಪಟ್ಟದ್ದು, ಮತ್ತು ದನಿಯ ವಿಷಯದಲ್ಲಿ ಬಾಯಿ ಬಿಡುವ ಅಧಿಕಾರ ನಮ್ಮ ವಾರ್ಡಿನಲ್ಲಿ ನನಗೊಬ್ಬನಿಗೇ ಇದೆ.

ಶಿವಸಂಗಪ್ಪನ ಅಪ್ಪ ಒಂದು ಕಾಲಕ್ಕೆ ನಮ್ಮ ನೇಕಾರರ ಸಂಘದ ನಿರ್ದೇಶಕನಾಗಿದ್ದ. ಅಪ್ಪನ ಫೋಟೋ ಸಂಘದ ಗೋಡೆಯ ಮೇಲಿದೆ. ಅದರ ಪಕ್ಕದಲ್ಲಿ ಒಂದು ಮೊಳೆ ಖಾಲಿ ಇದೆ. ಆ ಮೊಳೆ ತನಗಾಗಿಯೇ ಹೊಡೆದದ್ದು ಎಂದು ಶಿವಸಂಗಪ್ಪನಿಗೆ ಅನ್ನಿಸಿಬಿಟ್ಟಿತು. ಅಂದಿನಿಂದ ಮಗ್ಗ ಬಿಟ್ಟ. ಎರಡು ಸಲ ಚುನಾವಣೆಗೆ ನಿಂತ, ಎರಡು ಸಲ ಬಿದ್ದ. ಈ ಸಲ ಮೂರನೆಯದು. ಇಷ್ಟೂ ವರ್ಷ ಮನೆಯ ಮಗ್ಗ ನಡೆಸಿದವಳು ಅವನ ಹೆಂಡತಿ ಕಸ್ತೂರಿ. ಅವಳು ಜಗಳವಾಡುವ ಹೆಂಗಸಲ್ಲ. ಗಂಡನನ್ನು ಚೊಳಚಗುಡ್ಡಕ್ಕೆ ಕರೆದುಕೊಂಡು ಹೋಗಿ, ಬನಶಂಕರಿಯ ಎದುರಿಗೆ ನಿಲ್ಲಿಸಿ, “ಏನ್ರಿ, ಈ ಸಲ ಸೋತ್ರ ಏನ್ ಮಾಡ್ತೀರಿ, ಅಕಿ ಮುಂದ ಹೇಳ್ರಿ” ಎಂದಳು.

“ಸೋತ್ರ ಮಗ್ಗದ ಕುಣಿಗೆ ಇಳಿತೇನಿ. ಮತ್ತ ಮ್ಯಾಲ ಏಳಂಗಿಲ್ಲ” ಎಂದು ಇವನು ಎದೆ ಸೆಟೆಸಿ ಆಣೆ ಮಾಡಿದ. ಕುಣಿ ಎಂದರೆ ನೇಯುವವರು ಕಾಲು ಇಳಿಬಿಟ್ಟು ಕೂಡುವ, ಮಗ್ಗದ ಕೆಳಗಿನ ತಗ್ಗು. ಸೋಲುವ ಪ್ರಶ್ನೆಯೇ ಇಲ್ಲವೆಂದು ನಂಬಿದವನು ಯಾವ ಆಣೆಯನ್ನಾದರೂ ಮಾಡುತ್ತಾನೆ.

ನಮ್ಮ ಕಡೆ ಚುನಾವಣೆಗೆ ನಿಂತವರು ಹೆಂಡತಿಯ ಹೆಸರಿನಲ್ಲೂ ಒಂದು ನಾಮಪತ್ರ ಹಾಕಿಸಿಟ್ಟಿರುತ್ತಾರೆ. ತಮ್ಮ ಕಾಗದದಲ್ಲಿ ಏನಾದರೂ ತಪ್ಪು ಹುಡುಕಿ ತಿರಸ್ಕರಿಸಿದರೆ ಸೀಟು ಮನೆಯಲ್ಲೇ ಇರಲಿ ಅಂತ. ಇದಕ್ಕೆ ಡಮ್ಮಿ ಎನ್ನುತ್ತಾರೆ. ಗಂಡನ ಕಾಗದ ಪಾಸಾದ ಮೇಲೆ ಡಮ್ಮಿಯ ಕಾಗದವನ್ನು ವಾಪಸಾತಿಯ ದಿನ ಮಧ್ಯಾಹ್ನ ಮೂರು ಗಂಟೆಯೊಳಗೆ ವಾಪಸ್ ತೆಗೆಯಬೇಕು. ಶಿವಸಂಗಪ್ಪನೂ ಕಸ್ತೂರಿಯ ಹೆಸರಿನಲ್ಲಿ ಒಂದು ಹಾಕಿಸಿದ್ದ. ಅವನ ಕಾಗದ ಪಾಸಾಯಿತು. ವಾಪಸಾತಿ ಫಾರ್ಮಿಗೆ ಅವಳ ಸಹಿಯನ್ನೂ ಹಾಕಿಸಿ ಜೇಬಿನಲ್ಲಿಟ್ಟುಕೊಂಡ. ಇಟ್ಟುಕೊಂಡು ನೇರ ಎಲ್ಲಿಗೆ ಹೋದ? ಬಾಗಲಕೋಟೆಗೆ ಹೋದ, ವಿದ್ಯಾಗಿರಿಯಲ್ಲಿರುವ ಕಾಕಾನ ಮಗ ಪ್ರಬುದ್ಧನ ಮನೆಗೆ. ಕಾಲೇಜಿನಲ್ಲಿ ಪಾಠ ಹೇಳುವ ಅಣ್ಣನಿಂದ ಭಾಷಣಕ್ಕೆ ನಾಲ್ಕು ದೊಡ್ಡ ಶಬ್ದ ಬರೆಸಿಕೊಂಡು ಬರಲಿಕ್ಕೆ.

ಪ್ರಬುದ್ಧ ಶಬ್ದ ಕೊಡಲಿಲ್ಲ, ಸದ್ದು ತೋರಿಸಿದ. ಹೊಸದಾಗಿ ತಂದ ಎರಡು ಸ್ಟೀರಿಯೋ ಡಬ್ಬಿಗಳ ನಡುವೆ ಇವನನ್ನು ಕುರ್ಚಿ ಹಾಕಿ ಕೂರಿಸಿ ಹಾಡು ಹಚ್ಚಿದ. ತಬಲಾ ಎಡಗಡೆಯಿಂದ, ದನಿ ಬಲಗಡೆಯಿಂದ! ಶಿವಸಂಗಪ್ಪ ಮೂರು ತಾಸು ಕತ್ತು ಆ ಕಡೆ ಈ ಕಡೆ ತಿರುಗಿಸುತ್ತ ಕೂತ. ಅಷ್ಟರಲ್ಲಿ ಇಳಕಲ್ಲಿನಲ್ಲಿ ಮೂರು ಗಂಟೆ ಹೊಡೆಯಿತು.

ಸಂಜೆ ಮನೆಗೆ ಬಂದಾಗ ಕಸ್ತೂರಿ, “ನನ್ನ ಹೆಸರು ತೆಗಿಸಿ ಬಂದ್ರೇನ್ರಿ?” ಎಂದು ಕೇಳಿದಳು.

ಇವನು ಜೇಬು ಮುಟ್ಟಿ ನೋಡಿಕೊಂಡ. “ಇರ್ಲಿ ಬಿಡು. ಹೆಸರು ಇದ್ರ ಏನು ಮೈಮ್ಯಾಲ ಬೀಳ್ತೈತಿ? ನಿನಗ ಯಾರ ಓಟು ಹಾಕ್ತಾರ? ನಾನೂ ಹಾಕಂಗಿಲ್ಲ.”

ಹೀಗಾಗಿ ಮರುದಿನ ಸಂಘದ ಬಾಗಿಲಿಗೆ ಅಂಟಿಸಿದ ಪಟ್ಟಿಯಲ್ಲಿ, ಇದ್ದ ಒಂದು ಸೀಟಿಗೆ ಮೂರು ಹೆಸರು ಬಂದವು. ಪವರ್‌ಲೂಮ್ ಶೆಡ್ಡಿನ ರಾಜೇಶ, ಗುರುತು ಛತ್ರಿ. ಶಿವಸಂಗಪ್ಪ, ಗುರುತು ಹಾರ್ಮೋನಿಯಂ. ಕಸ್ತೂರಿ, ಗುರುತು ಸೀಟಿ. ಸೀಟಿಯನ್ನು ಅವಳು ಕೇಳಿದ್ದಲ್ಲ; ಉಳಿದದ್ದನ್ನು ಕೊಟ್ಟಿದ್ದರು.

ಶಿವಸಂಗಪ್ಪನಿಗೆ ಪಟ್ಟಿ ನೋಡಲು ಪುರುಸೊತ್ತೆಲ್ಲಿ? ತಲೆಯ ತುಂಬ ಸ್ಟೀರಿಯೋ. ನಮ್ಮ ಕಟ್ಟೆಯ ಮೇಲೆ ನಾಲ್ಕು ಜನರ ಎದುರಿಗೆ ಕೂತು ಹೇಳಿದ: “ರಾಜೇಶಂದು ಆಟೋದ ಮ್ಯಾಲ ಒಂದ ಹಾರ್ನು. ನಂದು ಎರಡು. ನಂದು ಸ್ಟೀರಿಯೋ ಪ್ರಚಾರ. ಮೋನೋ ಅಂದ್ರ ಏನ್ ಗೊತ್ತೇನ್ರಿ? ಬಸ್ ಸ್ಟ್ಯಾಂಡಿನ ಮೈಕು!”

ನಾನು ಅಲ್ಲೇ ಕೂತಿದ್ದೆ. ಇಪ್ಪತ್ತೆಂಟು ವರ್ಷದ ಸೇವೆ. ಎದ್ದು ಚಪ್ಪಲಿ ಮೆಟ್ಟಿಕೊಂಡು ಒಳಗೆ ಹೋದೆ. ಹೋಗುವಾಗ ಒಂದು ತೀರ್ಮಾನ ಮಾಡಿದೆ: ಈ ಮನುಷ್ಯ ಬೆಂಕಿಯಲ್ಲಿ ಕಾಲಿಟ್ಟರೂ ‘ಲೇ, ಅದು ಬೆಂಕಿ’ ಎಂದು ನಾನು ಹೇಳುವುದಿಲ್ಲ.

ಪ್ರಚಾರದ ರೆಕಾರ್ಡಿಂಗಿಗೆ ಕಸ್ತೂರಿಯ ತಮ್ಮ ದೀಪಕ ಬಂದ. ಅಮೀನಗಡದಲ್ಲಿ ಕರದಂಟಿನ ಅಂಗಡಿಯ ಮಗ್ಗುಲಿಗೆ ಮದುವೆ ವಿಡಿಯೋ ತೆಗೆಯುವ ಅಂಗಡಿ ಇಟ್ಟವನು. ಅಂಗಿಗೆ ಸಿಕ್ಕಿಸುವ ಎರಡು ಪುಟ್ಟ ಮೈಕುಗಳನ್ನು ತಂದ, ಒಂದು ಅಕ್ಕನಿಗೆ, ಒಂದು ಮಾವನಿಗೆ. ಪ್ರಶ್ನೆಗಳನ್ನೆಲ್ಲ ಶಿವಸಂಗಪ್ಪನೇ ಬರೆದಿದ್ದ. ಹೆಂಡತಿ ಕೇಳಬೇಕು, ಗಂಡ ಉತ್ತರ ಕೊಡಬೇಕು. ಹೆಣ್ಣುಮಗಳ ಬಾಯಿಂದ ಬಂದರೆ ಪ್ರಶ್ನೆಗೆ ಒಂದು ತೂಕ ಇರುತ್ತದಂತೆ.

ಕಸ್ತೂರಿ ಮಗ್ಗದಿಂದ ಎದ್ದು ಬಂದು, ಸೆರಗಿಗೆ ಮೈಕು ಸಿಕ್ಕಿಸಿಕೊಂಡು, ಚೀಟಿ ಹಿಡಿದು ಓದಿದಳು.

“ಬಣ್ಣ ಬಿಡುವ ನೂಲು ಬಂದಾಗ ಬಾಯಿ ಬಿಟ್ಟು ಕೇಳಿದವರು ಯಾರು?”

“ನಾನು!” ಎಂದ ಶಿವಸಂಗಪ್ಪ.

“ನೇಕಾರರ ಬೆನ್ನುನೋವು ಬಲ್ಲವರು ಯಾರು?”

“ನಾನು!”

“ಮುಂಜಾನೆ ಐದಕ್ಕೆ ಎದ್ದು ಮಗ್ಗದ ಮುಂದೆ ಕೂಡುವವರು ಯಾರು?”

ಇಲ್ಲಿ ಕಸ್ತೂರಿ ಚೀಟಿಯಿಂದ ತಲೆ ಎತ್ತಿ ಗಂಡನ ಮುಖ ನೋಡಿದಳು. ಗಂಡ ಮೈಕಿನ ಕಡೆ ಬಾಗಿ, “ನಾನೇ!” ಎಂದ. ಅವಳು ಮತ್ತೆ ಚೀಟಿ ನೋಡಿದಳು. ಹೀಗೆ ಒಂಬತ್ತು ಪ್ರಶ್ನೆ. ಒಂಬತ್ತಕ್ಕೂ ಉತ್ತರ ಒಂದೇ. ಕೊನೆಗೆ “ಹಾಗಾದರೆ ನಿಮ್ಮ ಓಟು ಯಾರಿಗೆ?” ಎಂದು ಅವಳು ಕೇಳಬೇಕು, “ನನಗೆ!” ಎಂದು ಇವನು ಗುಡುಗಬೇಕು. ಗುಡುಗಿದ. ದೀಪಕನ ಮಷೀನು ಅಕ್ಕನ ದನಿಯನ್ನು ಎಡಕ್ಕೂ ಮಾವನ ದನಿಯನ್ನು ಬಲಕ್ಕೂ ಬೇರೆ ಬೇರೆ ತುಂಬಿಕೊಂಡಿತು. ಮಾವನೇ ಹಾಗೆ ಬೇಕೆಂದಿದ್ದ. ಕಿವಿಗೆ ಹೆಡ್‌ಫೋನ್ ಹಾಕಿ ಕೇಳಿಸಿದಾಗ ಮಾವನ ಕಣ್ಣಲ್ಲಿ ನೀರು ಬಂತು. “ಎಡಗಿವ್ಯಾಗ ಕಸ್ತೂರಿ, ಬಲಗಿವ್ಯಾಗ ನಾ! ದೀಪಕಾ, ಸಾರ್ಥಕ ಆತಲೇ!”

ಹಾರ್ನು ಬಾಡಿಗೆಗೆ ಕೊಡುವ ಅಫ್ಸರ ಹಳೆಯ ಅನುಭವಸ್ಥ. ಊರಿನ ಮದುವೆ, ಸಾವಿನ ಮಯ್ಯತ್ತು, ಸಭೆ ಎಲ್ಲಕ್ಕೂ ಅವನದೇ ಮೈಕು. ಅವನು ಆಂಪ್ಲಿಫಾಯರನ್ನು ಶಿವಸಂಗಪ್ಪನ ಪಡಸಾಲೆಯಲ್ಲಿಟ್ಟು, ಒಂದು ಹಾರ್ನನ್ನು ಮೇಲಿನ ಓಣಿಯ ಕಂಬಕ್ಕೂ ಇನ್ನೊಂದನ್ನು ಕೆಳಗಿನ ಓಣಿಯ ಕಂಬಕ್ಕೂ ಕಟ್ಟಿದ. ಎರಡು ಓಣಿಗಳ ನಡುವೆ ಇರುವುದು ಸಂಘದ ಕಟ್ಟಡ, ನಮ್ಮಿಬ್ಬರ ಮನೆ ಮತ್ತು ರಾಜೇಶನ ಪವರ್‌ಲೂಮ್ ಶೆಡ್ಡು. ಆ ಶೆಡ್ಡಿನ ಖಟಪಟದಲ್ಲಿ ಮೇಲಿನ ಓಣಿಯ ಜಗಳ ಕೆಳಗಿನ ಓಣಿಗೆ ಕೇಳಿಸುವುದಿಲ್ಲ. ಮರುದಿನ ಬಂದು ವಿಚಾರಿಸಿಕೊಂಡು ಹೋಗಬೇಕು. ನಮ್ಮ ಮಾಳಿಗೆ ಹತ್ತಿ ಕೂತರೆ ಮಾತ್ರ ಎರಡೂ ಕೇಳುತ್ತವೆ.

ಪೆನ್‌ಡ್ರೈವ್ ಹಾಕಿ ಒಂದು ಕ್ಷಣ ಕೇಳಿದ ಅಫ್ಸರ ತಲೆ ಕೆರೆದುಕೊಂಡ. “ಅಣ್ಣಾರ, ಇದರಾಗ ವೈನಿ ದನಿ ಒಂದು ಕಡೆ, ನಿಮ್ಮ ದನಿ ಒಂದು ಕಡೆ ಐತ್ರಿ. ಹಿಂಗ ಬಿಟ್ರ ಒಂದು ಓಣಿಗೆ ವೈನಿ ಅಷ್ಟ, ಇನ್ನೊಂದು ಓಣಿಗೆ ನೀವಷ್ಟ. ಇಲ್ಲೊಂದು ಗುಂಡಿ ಐತಿ ನೋಡ್ರಿ, ಮೋನೋ ಅಂತ. ಒತ್ತಿದ್ರ ಎರಡೂ ಕೂಡಿ ಒಂದಾಗತಾವ, ಎರಡೂ ಹಾರ್ನಿಗೆ ಪೂರಾ ಹೋಗ್ತೈತಿ. ಒತ್ತಲ್ರೀ?”

ಪುಣ್ಯಾತ್ಮ ಇಷ್ಟು ಬಿಡಿಸಿ ಹೇಳಿದ. ಸಣ್ಣ ಹುಡುಗನಿಗೂ ತಿಳಿಯುವಂತೆ ಹೇಳಿದ. ಆದರೆ ಎದುರಿಗೆ ಇದ್ದವನು ಸಣ್ಣ ಹುಡುಗನಲ್ಲವಲ್ಲ, ಭಾವೀ ನಿರ್ದೇಶಕ.

“ಏ, ಕೈ ತೆಗೀಲೇ! ಕೂಡಿಸಿದ ಮ್ಯಾಲ ಸ್ಟೀರಿಯೋ ಎಲ್ಲಿ ಉಳೀತು? ಇಳಕಲ್ ಸೀರಿಗೆ ಹೆಸರು ಹೆಂಗ ಬಂತು? ಒಡಲಿನ ಹಾಸಿನ ಎಳಿ ಬ್ಯಾರೆ, ಸೆರಗಿನ ಹಾಸಿನ ಎಳಿ ಬ್ಯಾರೆ. ಬ್ಯಾರೆ ಇದ್ರನ ಕಿಮ್ಮತ್ತು.”

ಒಳಗೆ ಮಗ್ಗದ ಕುಣಿಯಿಂದ ಕಸ್ತೂರಿಯ ದನಿ ಬಂತು: “ಬ್ಯಾರೆ ಬ್ಯಾರೆ ಇದ್ರ ಅದು ಸೀರಿ ಅಲ್ರಿ. ಎರಡೂ ಹಾಸು ಕೂಡಿಸಿದ ಮ್ಯಾಲ ಸೀರಿ. ಮಗ್ಗಕ್ಕ ಕೂಡೂ ಕಾಲಕ್ಕೂ ಕೂಡಿಸೂ ಹೊತ್ತಿಗೆ ನೀವು ಎದ್ದು ಹೊರಗ ಹೋಗ್ತಿದ್ರಿ, ನಿಮಗ ಗೊತ್ತಿಲ್ಲ.”

“ನೀ ನಿನ್ನ ಕೆಲಸ ನೋಡು” ಎಂದ ಶಿವಸಂಗಪ್ಪ. ಅವಳು ನೋಡುತ್ತಿದ್ದದ್ದು ಅದನ್ನೇ.

ಗುಂಡಿ ಒತ್ತಲಿಲ್ಲ. ಮುಂಜಾನೆ ಎಂಟಕ್ಕೆ ಪ್ರಚಾರ ಶುರುವಾಯಿತು. ಶಿವಸಂಗಪ್ಪ ಹೊರಗೆ ಹೋಗಿ ಕೇಳಿದನೇ? ಇಲ್ಲ. ಪಡಸಾಲೆಯ ಕುರ್ಚಿಯಲ್ಲಿ ದೊಡ್ಡ ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ, ತನ್ನ ಪ್ರಚಾರವನ್ನು ತಾನೇ ಕೇಳುತ್ತ ಕೂತ. ಅವನ ಎರಡು ಕಿವಿಗಳ ನಡುವೆ ಮಾತ್ರ ಆ ಪ್ರಚಾರ ಪೂರ್ತಿಯಾಗಿತ್ತು. ನಾನು ಮಾಳಿಗೆ ಹತ್ತಿ ಚಾಪೆ ಹಾಸಿಕೊಂಡೆ.

ಮೇಲಿನ ಓಣಿಯ ಕಂಬದಿಂದ ಕಸ್ತೂರಿಯ ದನಿ ಬಂತು. “ಬಣ್ಣ ಬಿಡುವ ನೂಲು ಬಂದಾಗ ಬಾಯಿ ಬಿಟ್ಟು ಕೇಳಿದವರು ಯಾರು?” ಆಮೇಲೆ ಮೌನ. “ನೇಕಾರರ ಬೆನ್ನುನೋವು ಬಲ್ಲವರು ಯಾರು?” ಮತ್ತೆ ಮೌನ. ಹೆಂಗಸರು ಬಾಗಿಲಿಗೆ ಬಂದರು. ರೊಟ್ಟಿ ಬಡಿಯುವ ಸದ್ದು ನಿಂತಿತು. ಈ ಓಣಿಯಲ್ಲಿ ಇಷ್ಟು ವರ್ಷ ಹಾರ್ನು ಕಟ್ಟಿದ ಗಂಡಸರೆಲ್ಲ ತಮ್ಮ ಉತ್ತರಗಳನ್ನು ಕೂಗಿ ಹೋಗಿದ್ದರು. ಪ್ರಶ್ನೆ ಕೇಳಿ, ಸುಮ್ಮನಾಗಿ, ಉತ್ತರಕ್ಕೆ ಕಾಯುವ ಹಾರ್ನನ್ನು ಜನ ಕಂಡಿರಲಿಲ್ಲ.

“ಖರೆ ಕೇಳಾಕತ್ತಾಳ ನೋಡ್ರಿ” ಎಂದಳು ಶಾರವ್ವ. ಅವಳು ಮೇಲಿನ ಓಣಿಯ ಮುಖಂಡಳು. ಅವಳು ಕೆಮ್ಮಿದರೆ ಓಣಿಯೇ ಕೆಮ್ಮುತ್ತದೆ. “ಒಬ್ಬರರ ಉತ್ತರ ಕೊಡಾಕತ್ತಾರೇನು? ಎಲ್ಲಿಂದ ಕೊಡ್ತಾರ? ಬಾಯಿ ಬಂದಾಗಿ ಹೋಗ್ಯಾವ!”

ಕೊನೆಗೆ ಹಾರ್ನು, “ಹಾಗಾದರೆ ನಿಮ್ಮ ಓಟು ಯಾರಿಗೆ?” ಎಂದು ಕೇಳಿ ಸುಮ್ಮನಾಯಿತು.

“ನಿನಗ, ಯವ್ವಾ!” ಎಂದಳು ಶಾರವ್ವ ಕಂಬಕ್ಕೆ. ಸಂಘದ ಬಾಗಿಲಿನ ಪಟ್ಟಿಯಲ್ಲಿ ಸೀಟಿಯ ಎದುರಿಗೆ ಕಸ್ತೂರಿಯ ಹೆಸರಿದ್ದದ್ದು ಎಲ್ಲರಿಗೂ ಆಗ ನೆನಪಾಯಿತು.

ಕೆಳಗಿನ ಓಣಿಯದು ಬೇರೆ ಕತೆ. ಅಲ್ಲಿಯ ಕಂಬದಿಂದ ಮೊದಲು ಏನೂ ಬರಲಿಲ್ಲ. ಆಮೇಲೆ “ನಾನು!” ಎಂದಿತು. ಮತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು “ನಾನು!” ಎಂದಿತು. ಮೂರನೆಯ ಸಲ “ನಾನೇ!” ಎಂದಿತು. ಎಮ್ಮೆ ಬೆದರಿತು. ಮಲಗಿದ್ದ ಮುದುಕರು ಎದ್ದು ಕೂತು, “ಯಾವಾಂವಲೇ ಅಂವಾ?” ಎಂದರು. “ನಾನು!” ಎಂದಿತು ಹಾರ್ನು. ಹತ್ತು ಗಂಟೆಯ ಹೊತ್ತಿಗೆ ಜನ ಅದಕ್ಕೆ ಒಗ್ಗಿದರು, ಆಟವನ್ನೂ ಶುರು ಮಾಡಿದರು. ‘ನಮ್ಮ ಓಣ್ಯಾಗ ಭಾಳ ಶ್ಯಾಣ್ಯಾ ಯಾರು?’ ಅಂತ ಒಬ್ಬ ಕೇಳಿ ಕಾಯುವುದು, ಹಾರ್ನು ‘ನಾನು’ ಅನ್ನುವುದು, ಎಲ್ಲರೂ ಬಿದ್ದು ಬಿದ್ದು ನಗುವುದು.

ನಗದೆ ಇದ್ದವಳು ಕಾಳವ್ವ ಒಬ್ಬಳೇ. ಹಿಂದಿನ ವಾರ ಅವಳು ಮುಂಜಾನೆ ಬೀದಿಯುದ್ದ ಹಾಸು ಹೂಡಿ, ಗಂಜಿ ಕೊಟ್ಟು ಒಣಗಲು ಬಿಟ್ಟಿದ್ದಳು. ಒಂದು ಸೀರೆಯ ಕೆಂಪು ನೂಲು ಪೂರಾ. ಯಾರೋ ಗಾಡಿ ತಂದು ಅದರೊಳಗೆ ನುಗ್ಗಿಸಿ ಹರಿದು ಹಾಕಿ ಓಡಿಹೋಗಿದ್ದರು. ಅಂದಿನಿಂದ ಕಾಳವ್ವ ದಿನಕ್ಕೆರಡು ಸಲ ಬಾಗಿಲಲ್ಲಿ ನಿಂತು ಅಂವ ಯಾರೆಂದು ಕೇಳಿ ಶಾಪ ಹಾಕುತ್ತಿದ್ದಳು. ಆವತ್ತೂ ನಿಂತಳು. ಕೈ ಎತ್ತಿದಳು.

“ನನ್ನ ಹಾಸು ಹರದಾಂವ ಯಾವಾಂವ? ಗಂಡಸಾಗಿದ್ರ ಹೇಳ್ಲಿ!”

“ನಾನು!” ಎಂದಿತು ಹಾರ್ನು.

ಕಾಳವ್ವನ ಕೈ ಮೇಲೇ ಉಳಿಯಿತು. “ಏನಂದಿ?”

ಇಪ್ಪತ್ತು ಎಣಿಸುವಷ್ಟು ಹೊತ್ತು. “ನಾನೇ!”

ಕಾಳವ್ವ ದನಿ ಗುರುತು ಹಿಡಿದಳು. “ಶಿವಸಂಗ್ಯಾ!” ಎಂದು ಕೂಗಿ, ಮೂಲೆಯಲ್ಲಿದ್ದ ಕಸಬರಿಗೆ ತೆಗೆದುಕೊಂಡು ಹೊರಟಳು. ಹಿಂದೆ ಕೆಳಗಿನ ಓಣಿಯ ಹತ್ತು ಜನ. ಅದೇ ಹೊತ್ತಿಗೆ ಮೇಲಿನ ಓಣಿಯಿಂದ ಶಾರವ್ವ ಅರಿಷಿಣ ಕುಂಕುಮದ ತಾಟು ಹಿಡಿದು ಹೊರಟಿದ್ದಳು, ಹಿಂದೆ ಹನ್ನೆರಡು ಜನ. ಎರಡೂ ಮೆರವಣಿಗೆ ಶಿವಸಂಗಪ್ಪನ ಬಾಗಿಲಲ್ಲಿ ಕೂಡಿದವು. ನನಗೆ ಮಾಳಿಗೆಯ ಮೇಲಿಂದ ಎಲ್ಲ ಚೆನ್ನಾಗಿ ಕಾಣುತ್ತಿತ್ತು.

ಶಿವಸಂಗಪ್ಪ ಕಣ್ಣು ತೆರೆದು ನೋಡಿದ: ಬಾಗಿಲ ತುಂಬ ಜನ! ಹೆಡ್‌ಫೋನು ಕಿವಿಯ ಮೇಲೇ ಇತ್ತು. ಜನರ ಬಾಯಿ ಆಡುವುದು ಕಾಣುತ್ತದೆ, ಕೇಳಿಸುವುದು ಮಾತ್ರ ತನ್ನ ಪ್ರಚಾರ. ಮತದಾರರು ಉತ್ಸಾಹ ತಡೆಯಲಾರದೆ ಮನೆಗೇ ಬಂದಿದ್ದಾರೆಂದು ತಿಳಿದು ಎದ್ದು ನಿಂತ, ಕೈ ಮುಗಿದ.

“ನನ್ನ ಹಾಸು ಹರದಾಂವ ನೀನ ಏನಲೇ?” ಎಂದಳು ಕಾಳವ್ವ.

“ನಾನ! ನಾನ ರೀ!” ಎಂದ ಶಿವಸಂಗಪ್ಪ ಎದೆ ಮುಟ್ಟಿಕೊಂಡು, ಹಲ್ಲು ಬಿಟ್ಟು.

“ನಾಚಿಗಿ ಇಲ್ಲೇನು ನಗಾಕ?”

“ನಿಮ್ಮ ಆಶೀರ್ವಾದ ಬೇ, ಎಲ್ಲಾ ನಿಮ್ಮ ಆಶೀರ್ವಾದ!”

ಆಶೀರ್ವಾದ ಬೆನ್ನಿನ ಮೇಲೆ ಎರಡು ಸಲ ಬಿತ್ತು. ಮೂರನೆಯದಕ್ಕೆ ಹೆಡ್‌ಫೋನು ಹಾರಿ ಆಂಪ್ಲಿಫಾಯರಿನ ಹಿಂದೆ ಬಿತ್ತು. ಕಸ್ತೂರಿ ಕುಣಿಯಿಂದ ಎದ್ದು ಬಂದು ನಡುವೆ ನಿಂತಳು. “ಚಿಗವ್ವಾ, ಬಿಡ್ರಿ. ಇವರಿಗೆ ಗಾಡಿ ಹೊಡ್ಯಾಕ ಬರಂಗಿಲ್ಲ, ಹಾಸು ಹೆಂಗ ಹರೀತಾರ?”

“ಮತ್ತ ಊರ ಮುಂದ ಮೈಕಿನ್ಯಾಗ ಯಾಕ ಒಪ್ಪಿಕೊಂಡಾನ? ಒಂದ ಸಲ ಅಲ್ಲ, ಮುಂಜಾಲಿಂದ ಒಪ್ಪಿಕೊಳ್ಳಾಕತ್ತಾನ!”

ಆ ಹೊತ್ತಿಗೆ ನನಗೆ ಒಳಗೆ ಏನೋ ತುರ್ತು ಕೆಲಸ ನೆನಪಾಗಿ ಮಾಳಿಗೆ ಇಳಿದೆ. ನನ್ನ ಸ್ಕೂಟರಿನ ಚಕ್ರದ ಒಳಗೆ ಕೆಂಪು ನೂಲು ಇನ್ನೂ ಸುತ್ತಿಕೊಂಡಿತ್ತು. ಅದನ್ನು ಬಿಡಿಸುವುದನ್ನು ಒಂದು ವಾರದಿಂದ ಮರೆತಿದ್ದೆ. ಓದುವವರು ಈ ವಿಷಯವನ್ನು ದೊಡ್ಡದು ಮಾಡಬಾರದು. ಬೀದಿ ಇರುವುದು ಗಾಡಿಗೆ.

ಕಾಳವ್ವ ಹೋದ ಮೇಲೆ ಶಾರವ್ವ ಕಸ್ತೂರಿಯ ಹಣೆಗೆ ಕುಂಕುಮ ಹಚ್ಚಿದಳು. “ಛಲೋ ಕೇಳಿದಿ ತಂಗಿ. ನಮ್ಮ ಹೊಟ್ಟ್ಯಾಗ ಇದ್ದದ್ದ ಕೇಳಿದಿ.”

“ನಾ ಏನೂ ಕೇಳಿಲ್ಲಕ್ಕಾ. ಅವರು ಬರದು ಕೊಟ್ಟದ್ದು ಓದೀನಿ ಅಷ್ಟ.”

“ನೋಡ್ರಿ, ಎಷ್ಟು ಸಣ್ಣಾಕಿ ಆಗಿ ಮಾತಾಡ್ತಾಳ!” ಎಂದು ಹನ್ನೆರಡು ಜನ ಹೆಂಗಸರು ಕಣ್ಣೊರೆಸಿಕೊಂಡರು.

ಶಿವಸಂಗಪ್ಪ ಬೆನ್ನು ತಿಕ್ಕಿಕೊಳ್ಳುತ್ತ ಇದನ್ನೆಲ್ಲ ಕೇಳಿದ. ಏನಾದರೂ ತಿಳಿಯಿತೇ? ತಿಳಿಯಿತು. ‘ಕಾಳವ್ವನ್ನ ರಾಜೇಶ ಕಳಿಸ್ಯಾನ. ನನ್ನ ಸ್ಟೀರಿಯೋ ನೋಡಿ ಅವಂಗ ಹೊಟ್ಟಿ ಉರದೈತಿ’ ಎಂದು ತಿಳಿಯಿತು. ಹೆಡ್‌ಫೋನು ಹುಡುಕಿ ಮತ್ತೆ ಹಾಕಿಕೊಂಡ.

ರಾಜೇಶ ಕಳಿಸಿದ್ದು ಕಾಳವ್ವನನ್ನಲ್ಲ, ಒಂದು ತಕರಾರು ಅರ್ಜಿಯನ್ನು. ಒಬ್ಬನ ಹೆಸರಿಗೆ ಪರವಾನಿಗಿ ಕೊಟ್ಟ ಹಾರ್ನಿನಲ್ಲಿ ಇನ್ನೊಬ್ಬ ಅಭ್ಯರ್ಥಿ ಪ್ರಚಾರ ಮಾಡುತ್ತಿದ್ದಾಳೆ ಎಂದು ಬರೆದಿದ್ದ. ಎರಡನೆಯ ದಿನ ಹುನಗುಂದದಿಂದ ಚುನಾವಣಾಧಿಕಾರಿ ರಾಧಿಕಾ ಮೇಡಂ ಜೀಪಿನಲ್ಲಿ ಬಂದರು. ಮಹಾ ಶಿಸ್ತಿನವರು. ಮೇಲಿನ ಓಣಿಯ ಕಂಬದ ಕೆಳಗೆ ಕೊಡೆ ಹಿಡಿದು ಅರ್ಧ ತಾಸು ನಿಂತು ಬರೆದುಕೊಂಡರು. ಕೆಳಗಿನ ಓಣಿಯಲ್ಲಿ ಅರ್ಧ ತಾಸು ನಿಂತು ಬರೆದುಕೊಂಡರು. ನಡುವಿನ ಪಡಸಾಲೆಯಲ್ಲಿ ಏನಿದೆಯೆಂದು ಇಣುಕಿ ನೋಡುವುದು ಅರ್ಜಿಯಲ್ಲಿ ಇರಲಿಲ್ಲ, ನೋಡಲಿಲ್ಲ. ಆಮೇಲೆ ಸಂಘದ ಕಟ್ಟಡದಲ್ಲಿ ಕೂತು ನೋಟೀಸು ಬರೆದು ಶಿವಸಂಗಪ್ಪನ ಕೈಗೆ ಕೊಡಿಸಿದರು.

ಅದನ್ನು ನಾನೇ ಓದಿ ಹೇಳಬೇಕಾಯಿತು. ಅವನ ಕನ್ನಡಕ ಕಾಳವ್ವನ ಭೇಟಿಯಲ್ಲಿ ಒಡೆದಿತ್ತು. “ಖುದ್ದಾಗಿ ಆಲಿಸಲಾಗಿ, ಮೇಲಿನ ಓಣಿಯ ಧ್ವನಿವರ್ಧಕದಲ್ಲಿ ಸೀಟಿ ಗುರುತಿನ ಶ್ರೀಮತಿ ಕಸ್ತೂರಿ ಇವರು ಮಾತ್ರ ಮಾತನಾಡುತ್ತಿರುವುದು ಕಂಡುಬಂದಿದೆ. ಕೆಳಗಿನ ಓಣಿಯ ಧ್ವನಿವರ್ಧಕದಲ್ಲಿ ಹಾರ್ಮೋನಿಯಂ ಗುರುತಿನ ಶ್ರೀ ಶಿವಸಂಗಪ್ಪ ಇವರು ‘ನಾನು’ ಎಂಬುದನ್ನು ಹೊರತುಪಡಿಸಿ ಯಾವುದೇ ಭರವಸೆ ನೀಡಿರುವುದು ಕಂಡುಬಂದಿಲ್ಲ. ಸದರಿ ಇಬ್ಬರು ಅಭ್ಯರ್ಥಿಗಳು ಪ್ರತ್ಯೇಕ ಪರವಾನಿಗಿ ಪಡೆಯತಕ್ಕದ್ದು.”

ಶಿವಸಂಗಪ್ಪ ನೋಟೀಸು ಮಡಚಿ ಜೇಬಿಗಿಟ್ಟ. ಕುತ್ತಿಗೆಗೆ ಇಳಿಸಿಕೊಂಡಿದ್ದ ಹೆಡ್‌ಫೋನನ್ನು ಮೊದಲ ಸಲ ತೆಗೆದಿಟ್ಟು ಹೊರಗೆ ಹೋದ. ಮೇಲಿನ ಓಣಿಗೆ ಓಡಿದ. ಅಲ್ಲಿ ಹೆಂಡತಿ ಕೇಳುತ್ತಿದ್ದಳು, ಅವನಿರಲಿಲ್ಲ. ಕೆಳಗಿನ ಓಣಿಗೆ ಓಡಿದ. ಅಲ್ಲಿ ಅವನು ಮಾತ್ರ ಇದ್ದ, ಜನ ಅವನನ್ನು ನೋಡಿ, “ಬಂದ ನೋಡ್ರಿ ನಾನು!” ಎಂದರು. ಮತ್ತೆ ಮೇಲಕ್ಕೆ ಓಡಿದ, ಮತ್ತೆ ಕೆಳಕ್ಕೆ ಓಡಿದ. ನಾಲ್ಕನೆಯ ಸುತ್ತಿಗೆ ನಮ್ಮ ಕಟ್ಟೆಯ ಮೇಲೆ ಕುಸಿದು ಕೂತ.

“ಕಂಟ್ರೋಲರ್ ಕಾಕಾ, ನಿಮ್ಮ ಮಾಳಿಗಿಗೆ ಎರಡೂ ಕೇಳಸಿರ್ಬೇಕಲ್ರಿ?”

“ಕೇಳಸೇತಿ.”

“ಮತ್ತ ಒಂದು ಮಾತು ಹೇಳಬಾರದ?”

“ನಾ ಬಸ್ ಸ್ಟ್ಯಾಂಡಿನ ಮೈಕಿನಾಂವಪಾ” ಎಂದೆ. “ಸ್ಟೀರಿಯೋದ್ದು ನನಗೇನು ತಿಳೀತೈತಿ?”

ಆ ಮಾತು ಹೇಳುವಾಗ ನನಗೆ ಆದ ಸಂತೋಷ ನಿವೃತ್ತಿಯ ದಿನ ಶಾಲು ಹೊದಿಸಿದಾಗಲೂ ಆಗಿರಲಿಲ್ಲ.

ಶಿವಸಂಗಪ್ಪ ಅಫ್ಸರನನ್ನು ಕರೆಸಿದ. ಮೂರನೆಯ ದಿನ, ಪ್ರಚಾರದ ಕಡೆಯ ದಿನ, ಮುಂಜಾನೆ ಎಂಟು ಗಂಟೆ. “ಒತ್ತಲೇ ಆ ಗುಂಡಿ. ಎರಡೂ ಓಣಿಗೆ ಪೂರಾ ಕೇಳಿದ್ರ ಎಲ್ಲಾ ಸರಿ ಆಗ್ತೈತಿ.”

“ಅಣ್ಣಾರ” ಎಂದ ಅಫ್ಸರ, ಗುಂಡಿಯ ಮೇಲೆ ಬೆರಳಿಟ್ಟು. “ಪೂರಾ ಕೇಳಿದ್ರ ಸರಿ ಆಗ್ತೈತ್ರೀ? ನಾ ಪೂರಾ ಕೇಳೀನಿ, ಅದಕ್ಕ ಕೇಳಾಕತ್ತೇನಿ.”

“ಒತ್ತು ಅಂದ್ರ ಒತ್ತು!”

ಒತ್ತಿದ. ಎರಡು ದನಿಗಳು ಕೂಡಿ ಒಂದಾಗಿ ಎರಡೂ ಓಣಿಗೆ ಹೋದವು. ಎರಡು ದಿನ ಪ್ರಶ್ನೆಗಳನ್ನು ಮಾತ್ರ ಕೇಳಿದ್ದ ಮೇಲಿನ ಓಣಿಗೆ ಉತ್ತರ ಸಿಕ್ಕಿತು. ಎರಡು ದಿನ ‘ನಾನು’ ಮಾತ್ರ ಕೇಳಿದ್ದ ಕೆಳಗಿನ ಓಣಿಗೆ ಅದು ಯಾತಕ್ಕೆಂದು ತಿಳಿಯಿತು.

“ಬಣ್ಣ ಬಿಡುವ ನೂಲು ಬಂದಾಗ ಬಾಯಿ ಬಿಟ್ಟು ಕೇಳಿದವರು ಯಾರು?” “ನಾನು!” ಆ ದಿನ ಸಂಘದ ಸಭೆಯಲ್ಲಿ ಶಿವಸಂಗಪ್ಪ ಬಾಯಿ ಬಿಟ್ಟದ್ದು ಹೌದು, ಆಕಳಿಸಲಿಕ್ಕೆ. ನೂಲಿನ ಲಡಿಯನ್ನು ಮೇಜಿನ ಮೇಲೆ ಎಸೆದು ಕೇಳಿದವಳು ಕಸ್ತೂರಿ, ಎಲ್ಲರೂ ನೋಡಿದ್ದರು.

“ನೇಕಾರರ ಬೆನ್ನುನೋವು ಬಲ್ಲವರು ಯಾರು?” “ನಾನು!” ಕೆಳಗಿನ ಓಣಿಯಿಂದ ಕಾಳವ್ವ, “ಮೊನ್ನಿಯಿಂದ ಬಲ್ಲಿ!” ಎಂದಳು. ಅಲ್ಲಿಂದ ನಗು ಶುರುವಾಯಿತು.

“ಮುಂಜಾನೆ ಐದಕ್ಕೆ ಎದ್ದು ಮಗ್ಗದ ಮುಂದೆ ಕೂಡುವವರು ಯಾರು?” ಆಮೇಲೆ ಒಂದು ಬಿಡುವು. ರೆಕಾರ್ಡಿಂಗಿನಲ್ಲಿ ಕಸ್ತೂರಿ ತಲೆ ಎತ್ತಿ ಗಂಡನ ಮುಖ ನೋಡಿದ ಬಿಡುವು ಅದು. ಎರಡೂ ಓಣಿಯ ಹೆಂಗಸರು, ಗಂಡಸರು, ಮುದುಕರು ಆ ಬಿಡುವಿನಲ್ಲಿ ಒಟ್ಟಿಗೇ “ಕಸ್ತೂರಿ!” ಎಂದು ಕೂಗಿದರು. ಅದರ ಬೆನ್ನಿಗೇ ಹಾರ್ನು “ನಾನೇ!” ಎಂದಿತು.

ಆ ನಗು ಪವರ್‌ಲೂಮಿನ ಸದ್ದನ್ನೂ ಮೀರಿಸಿತು. ಅರ್ಧ ಕೇಳಿದಾಗ ಜನಕ್ಕೆ ಅವನ ಮೇಲೆ ಬರೀ ಸಂಶಯ ಇತ್ತು. ಪೂರ್ತಿ ಕೇಳಿದ ಮೇಲೆ ಸಂಶಯವೇ ಉಳಿಯಲಿಲ್ಲ. ಶಿವಸಂಗಪ್ಪ, “ಬಂದ್ ಮಾಡು, ಬಂದ್ ಮಾಡು!” ಎಂದು ಒದರಿದ. ಅಫ್ಸರ ಕಿವಿಗೆ ಕೈ ಹಚ್ಚಿ, “ಏನ್ರಿ? ನಗೂದ್ರಾಗ ಏನೂ ಕೇಳವಲ್ದು” ಎಂದ. ಸಂಜೆಯವರೆಗೂ ಅವನಿಗೆ ಕೇಳಿಸಲಿಲ್ಲ.

ರವಿವಾರ ಓಟು ಬಿತ್ತು. ಪಟ್ಟಿಯಲ್ಲಿ ನೂರ ಅರವತ್ತೆರಡು ಸದಸ್ಯರು; ಕಸ್ತೂರಿಗೆ ನೂರ ಇಪ್ಪತ್ತೊಂದು, ರಾಜೇಶನಿಗೆ ನಲವತ್ತು, ಶಿವಸಂಗಪ್ಪನಿಗೆ ಒಂದು. ಆ ಒಂದು ಯಾರದೆಂದು ಯಾರೂ ವಿಚಾರಿಸಲಿಲ್ಲ. ರಾಧಿಕಾ ಮೇಡಂ ಪ್ರಮಾಣಪತ್ರ ಕೊಡುವಾಗ, “ಡಮ್ಮಿ ಅಂತ ಹಾಕಿಸಿದ್ದರಂತೆ, ಹೌದೇನ್ರಿ?” ಎಂದು ಕೇಳಿದರು.

“ಹೌದ್ರಿ” ಎಂದಳು ಕಸ್ತೂರಿ, ಗಂಡನ ಕಡೆ ತಿರುಗಿ. “ಯಾರು ಡಮ್ಮಿ ಅಂತ ಈಗ ಗೊತ್ತಾತಲ್ರಿ.”

ಅವಳು ಮನೆಗೆ ಬಂದು ಮಗ್ಗದ ಮೇಲಿನ ಬಟ್ಟೆ ಸರಿಸಿ, ಕುಣಿಯ ಕಸ ತೆಗೆದು, ಪಕ್ಕಕ್ಕೆ ಸರಿದು ನಿಂತಳು. “ಚೊಳಚಗುಡ್ಡದಾಗ ಏನ್ ಅಂದಿದ್ರಿ?”

ಹನ್ನೊಂದು ವರ್ಷದ ನಂತರ ಶಿವಸಂಗಪ್ಪ ಕುಣಿಗೆ ಇಳಿದ. ಇಳಿಯುವಾಗ ಮೊಣಕಾಲಿನಿಂದ ಬಂದ ಸದ್ದು ನನ್ನ ಗೋಡೆಗೂ ಕೇಳಿಸಿತು.

ಈಗ ಎರಡು ತಿಂಗಳಾಯಿತು. ಸಂಘದ ಗೋಡೆಯ ಖಾಲಿ ಮೊಳೆಗೆ ಕಸ್ತೂರಿ ಫೋಟೋ ಹಾಕಿಸಲಿಲ್ಲ. ಬರುವ ನೂಲಿನ ಲಡಿಗಳನ್ನು ಒಂದೊಂದಾಗಿ ಅದಕ್ಕೇ ತೂಗುಹಾಕಿ, ನೀರು ಹೊಯ್ದು, ಬಣ್ಣ ಬಿಡುತ್ತದೋ ಇಲ್ಲವೋ ನೋಡುತ್ತಾಳೆ. ಅವಳು ಸಭೆಗೆ ಹೋದಾಗ ಮಗ್ಗ ಶಿವಸಂಗಪ್ಪನ ಪಾಲಿಗೆ. ಮೊನ್ನೆ ಅವಳು ಹೋಗಿದ್ದಾಗ ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕೂಡಿಸುವ ಹಂತ ಬಂದಿತ್ತು. ಎಳೆಗೆ ಎಳೆ ಸಿಕ್ಕಿಸಿ ಎರಡನ್ನೂ ಒಂದು ಮಾಡುವ ಕೆಲಸ, ಬೆರಳಿಗೆ ಕಣ್ಣಿರಬೇಕು. ಆ ಹೊತ್ತಿಗೆ ಎದ್ದು ಹೊರಗೆ ಹೋಗುವ ಅಭ್ಯಾಸದವನು, ಆಣೆ ಮಾಡಿದ್ದರಿಂದ ಏಳುವಂತಿರಲಿಲ್ಲ.

ಕಸ್ತೂರಿ ಬಂದಾಗ ಕರೆಂಟು ಹೋಗಿತ್ತು. ರಾಜೇಶನ ಶೆಡ್ಡು ನಿಂತಿತ್ತು. ಇಡೀ ವಾರ್ಡಿನಲ್ಲಿ ಒಂದು ಕಾಗೆಯ ಸದ್ದೂ ಇಲ್ಲ. ಮೇಲಿನ ಓಣಿಯಲ್ಲಿ ಶಾರವ್ವ ಕಟ್ಟೆಯ ಮೇಲೆ ಕೂತಿದ್ದಳು, ಕೆಳಗಿನ ಓಣಿಯಲ್ಲಿ ಕಾಳವ್ವ ಹಾಸು ಸುತ್ತುತ್ತಿದ್ದಳು. ನಾನು ಮಾಳಿಗೆಯ ಮೇಲಿದ್ದೆ. ಕಸ್ತೂರಿಯ ದನಿ ಮೈಕಿಲ್ಲದೆ, ಹಾರ್ನಿಲ್ಲದೆ, ಎರಡೂ ಓಣಿಗೆ ಕೇಳಿಸಿತು.

“ಸೆರಗಿನ ಹಾಸು ಹರದವರು ಯಾರು?”

ಕಾಳವ್ವನ ಕೈ ನಿಂತಿತು. ಶಾರವ್ವ ಮುಖ ಎತ್ತಿದಳು. ನಾನು ಯಾಕೋ ಸ್ಕೂಟರಿನ ಕಡೆ ನೋಡಿದೆ.

ಆಮೇಲೆ ಕುಣಿಯ ಒಳಗಿನಿಂದ, ಸಣ್ಣ ದನಿಯಲ್ಲಿ, ಆದರೆ ಹತ್ತು ಮನೆಗೆ ಕೇಳುವ ಹಾಗೆ ಬಂತು:

“ನಾನು.”